‘ವರ್ಷವಿಡೀ ಹೂವು’ ಬೀಜದ ಕಿಟ್: ಬೀಜ ಚೆನ್ನಾಗಿದೆ, ಚೀಟಿ ದಂಡ

ಆನ್‌ಲೈನಲ್ಲಿ ಸಿಗುತ್ತಲ್ಲ, ಹತ್ತಾರು ಬಗೆ ಹೂವಿನ ಬೀಜ ಒಂದೇ ಡಬ್ಬಿಲಿ ಹಾಕಿ “ಯಾವ ಸೀಸನ್ನಲ್ಲಾದ್ರೂ ಬಿತ್ತಿ” ಅಂತ ಪ್ರಿಂಟ್ ಮಾಡಿರೋ ಕಿಟ್ಟು, ಅದರ ರಿವ್ಯೂ ಇದು. ಕಂಪನಿ ಹೆಸರು ಬೇಡ, ಇದೇ ಮಾತನ್ನ ಬೇರೆಯವ್ರೂ ಬರ್ಕೊಂಡು ಮಾರ್ತಾರೆ. ಮೊಳಕೆ ಬಂದ ವಾರಕ್ಕೇ ಫೈವ್ ಸ್ಟಾರ್ ಕೊಟ್ಟಿರೋರನ್ನ ಮಾತ್ರ ನಂಬ್ಬೇಡಿ, ಇಂಥದ್ದರ ಬಣ್ಣ ಗೊತ್ತಾಗೋಕೆ ಒಂದು ವರ್ಷ ಪೂರ್ತಿ ತಿರುಗ್ಬೇಕು.

ಜಿನಿಯಾ, ಚೆಂಡು ಹೂವು, ಕರ್ಣಕುಂಡಲ ಬೀಜ ಫ್ರೆಶ್ಶಾಗಿತ್ತು, ವಾರದೊಳಗೇ ಎದ್ದು ನಿಂತ್ವು, ಅದಕ್ಕೆ ಫುಲ್ ಮಾರ್ಕ್ಸು. ಪಿಟೂನಿಯಾ ಬೀಜ ಧೂಳಿನ ಥರ ಇರತ್ತೆ, ಮೊಳೆಯೋಕೆ ಬೆಳಕು ಬೇಕು, ಮಣ್ಣು ಮುಚ್ಚದೆ ಮೇಲೆ ಉದುರಿಸಿ ನೀರು ಸ್ಪ್ರೇ ಮಾಡ್ಬೇಕು ಅಷ್ಟೆ. ಚೀಟಿಲಿ ನೋಡಿದ್ರೆ ಎಲ್ಲಾ ಬೀಜಕ್ಕೂ ಸೇರಿಸಿ ಒಂದೇ ಲೈನು, ಅರ್ಧ ಇಂಚು ಆಳಕ್ಕೆ ಹಾಕಿ ಅಂತ! ಬರೆದವ್ರು ಆ ಬೀಜನ ಕಣ್ಣಲ್ಲೇ ನೋಡಿರ್ಲಿಕ್ಕಿಲ್ಲ.

ಇನ್ನು ಆ “ಯಾವ ಸೀಸನ್ನಾದ್ರೂ” ವಿಷಯ. ಸುಮಾರು ಗಿಡಗಳು ರಾತ್ರಿ ಎಷ್ಟುದ್ದ ಇದೆ ಅನ್ನೋದರ ಮೇಲೇ ಮೊಗ್ಗು ಹಾಕ್ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡ್ತವೆ. ಇದೇನು ಹೊಸ ಸುದ್ದಿ ಅಲ್ಲ, ಅಮೆರಿಕದ ಗಾರ್ನರ್, ಅಲಾರ್ಡ್ ಅನ್ನೋ ಇಬ್ಬರು ವಿಜ್ಞಾನಿಗಳು 1920ರಲ್ಲೇ ಬರೆದಿಟ್ಟಿದಾರೆ, ಒಂದು ತಂಬಾಕು ತಳಿ ಬೇಸಿಗೆ ಪೂರ್ತಿ ಬರೀ ಎತ್ತರಕ್ಕೆ ಬೆಳೀತಿತ್ತು ಹೂವೇ ಬಿಡ್ತಿರ್ಲಿಲ್ಲ, ದಿನಾ ಒಂದಷ್ಟು ಹೊತ್ತು ಕತ್ತಲೆಲಿಟ್ಟು ಹಗಲನ್ನ ಗಿಡ್ಡ ಮಾಡಿದ್ಮೇಲೆ ಬಿಡ್ತು ಅಂತ. ಕಿಟ್ಟಲ್ಲಿರೋ ಕಾಸ್ಮೋಸ್‌ದೂ ಹೆಚ್ಚುಕಮ್ಮಿ ಅದೇ ಬುದ್ಧಿ. ಹಗಲು ಉದ್ದ ಇದ್ದಾಗ ಬಿತ್ತಿದ್ದು ಎದೆಮಟ್ಟ ಬೆಳೆದು ಬರೀ ಎಲೆ ಎಲೆ, ಹಗಲು ಗಿಡ್ಡ ಆಗ್ತಿದ್ದಾಗ ಬಿತ್ತಿದ್ದು ಮೊಣಕಾಲುದ್ದ ಇರುವಾಗ್ಲೇ ಹೂವು ಬಿಡ್ತು. ಕಸ್ಟಮರ್ ಕೇರಿಗೆ ಮೆಸೇಜ್ ಮಾಡಿದ್ರೆ “ಗೊಬ್ಬರ ಜಾಸ್ತಿ ಹಾಕಿ ಸರ್” ಅಂದ್ರು, ಕಾಸ್ಮೋಸ್‌ಗೆ ಸಾರಜನಕ ಜಾಸ್ತಿಯಾದ್ರೆ ಇನ್ನೂ ಎಲೆನೇ ಬರೋದು ಪುಣ್ಯಾತ್ಮರೇ. ಪ್ಯಾನ್ಸಿ, ಲಾರ್ಕ್‌ಸ್ಪರ್ ಎರಡೂ ತಂಪು ಕೇಳೋ ಜಾತಿ, ಬಿರುಬೇಸಿಗೆಲಿ ಬಿತ್ತಿದ್ರೆ ಬೀಜ ದಂಡ.

ಹಾಗಂತ ಡಬ್ಬಿ ಎಸೆಯೋ ಹಾಗಿಲ್ಲ. ಪ್ರತಿ ಬೀಜನೂ ಮೂರ್ನಾಲ್ಕು ಪಾಲು ಮಾಡಿ, ಬೇರೆಬೇರೆ ಕಾಲಕ್ಕೆ ಬಿತ್ತಿ, ಕುಂಡದ ಮೇಲೆ ತಾರೀಖು ಬರೆದ್ರೆ ಮಜಾ ಇರೋದೇ ಅಲ್ಲಿ. ಮೋಡ ಕವಿದ ದಿನ ಟೇಬಲ್ ರೋಸ್ ಕಣ್ಣೇ ಬಿಡಲ್ಲ, ಬಿಸಿಲು ಚುರುಗುಟ್ಟಿದ್ರೆ ಕುಂಡ ತುಂಬಾ ಅದೇ. ಹವೆ ತೇವ ಆಗ್ತಿದ್ದ ಹಾಗೆ ಜಿನಿಯಾ ಎಲೆಗೆ ಬೂದಿ ರೋಗ ಬರತ್ತೆ, ಹೂವು ಇನ್ನೂ ಚೆನ್ನಾಗೇ ಇರತ್ತೆ ಆದ್ರೆ ಅದರ ಕಾಲ ಮುಗೀತಾ ಬಂತು ಅಂತ ಗೊತ್ತಾಗತ್ತೆ. ಕರ್ಣಕುಂಡಲದ ಕಾಯಿ ಮುಟ್ಟಿದ್ರೆ ಪಟ್ ಅಂತ ಸಿಡಿದು ಬೀಜ ಚೆಲ್ಲತ್ತೆ, ಹಾಗೆ ಚೆಲ್ಲಿದ್ದು ಯಾರೂ ಬಿತ್ತದೆನೇ ತೇವ ಸಿಕ್ಕಾಗ ಪಕ್ಕದ ಕುಂಡದಲ್ಲೆಲ್ಲಾ ಎದ್ದು ಬಂತು, ಡಬ್ಬಿಲಿ ನಂಗೆ ತುಂಬಾ ಇಷ್ಟ ಆಗಿದ್ದು ಇದೇ. ಚೀಟಿ ಬದಲು ಯಾವ ಹೂವಿಗೆ ಯಾವ ಕಾಲ ಅಂತ ಒಂದು ಪಟ್ಟಿ ಹಾಕಿದ್ರೆ ಸಾಕಿತ್ತು.

ಬೀಜಕ್ಕೆ 4 ಸ್ಟಾರ್, ಚೀಟಿಗೆ 1, ಅದೂ ಪೇಪರ್ ಚೆನ್ನಾಗಿದೆ ಅಂತ. ಉಳಿದ ಬೀಜನ ಗಾಳಿಯಾಡದ ಡಬ್ಬಿಲಿ, ತಂಪಾಗಿ ಒಣಗಿರೋ ಕಡೆ ಇಡಿ. ಮತ್ತೆ ಡಬ್ಬಿ ಮೇಲೆ ಸೇವಂತಿಗೆ ಫೋಟೋ ನೋಡಿ ಮಾತ್ರ ತಗೋಬೇಡಿ, ಅದು ಬೇಕಿದ್ರೆ ಗೊತ್ತಿರೋರ ಹತ್ರ ಒಂದು ಕಡ್ಡಿ ಇಸ್ಕೊಂಡು ನೆಡಿ, ರಾತ್ರಿಯಿಡೀ ಲೈಟ್ ಬೀಳೋ ಜಾಗದಲ್ಲಿ ಇಡ್ಬೇಡಿ, ಉದ್ದ ಕತ್ತಲೆ ಸಿಗ್ದೆ ಅದು ಮೊಗ್ಗು ಹಾಕಲ್ಲ.