ಎತ್ತರದ ಕಮಾನಿನ ಪಾದಕ್ಕೆ ಅಚ್ಚು ತೆಗೆದು ಮಾಡಿಸಿದ ಇನ್‌ಸೋಲ್: 14 ತಿಂಗಳ ಬಳಕೆಯ ಅನುಭವ

ಒದ್ದೆ ಕಾಲಿನಲ್ಲಿ ಬಚ್ಚಲುಮನೆಯಿಂದ ಹೊರಬಂದಾಗ ನನ್ನ ಹೆಜ್ಜೆಗುರುತು ನೆಲದ ಮೇಲೆ ಎರಡು ತುಂಡಾಗಿ ಮೂಡುತ್ತದೆ: ಹಿಮ್ಮಡಿಯದೊಂದು, ಬೆರಳುಗಳ ಬುಡದ್ದೊಂದು, ನಡುವೆ ಬರಿಯ ನೆಲ. ಪಾದದ ಕಮಾನು ಬಹಳ ಎತ್ತರವಾಗಿರುವವರ ಗುರುತು ಇದು. ಪ್ರೌಢಶಾಲೆಯಲ್ಲಿ ದಿನಕ್ಕೆ 5 ಪೀರಿಯಡ್ ನಿಂತು ಗಣಿತ ಕಲಿಸುವ ನನಗೆ 40 ದಾಟಿದ ಮೇಲೆ ಸಂಜೆಯ ಹೊತ್ತಿಗೆ ಅಂಗಾಲು ಉರಿಯತೊಡಗಿತು, ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರುವ ಮೊದಲ ಹೆಜ್ಜೆಯೇ ಹಿಮ್ಮಡಿಯಲ್ಲಿ ಚುಚ್ಚತೊಡಗಿತು, ಕಿರುಬೆರಳಿನ ಬುಡದಲ್ಲಿ ಆಣಿ ಎದ್ದಿತು. ಈ ತೊಂದರೆಗಾಗಿ ಅಚ್ಚು ಕೊಟ್ಟು ಮಾಡಿಸಿಕೊಂಡ ಇನ್‌ಸೋಲ್‌ಗಳನ್ನು, ಅಂದರೆ ಬೂಟಿನೊಳಗೆ ಅಂಗಾಲಿನ ಕೆಳಗೆ ಇಡುವ ಒಳಪದರಗಳನ್ನು, 14 ತಿಂಗಳಿಂದ ದಿನವೂ ಬಳಸುತ್ತಿದ್ದೇನೆ.

ಚಪ್ಪಟೆ ಪಾದದ ಬಗ್ಗೆ ನಮ್ಮಲ್ಲಿ ಬಹುತೇಕರು ಕೇಳಿರುತ್ತಾರೆ. ಸೇನಾ ಭರ್ತಿಯ ದೇಹ ಪರೀಕ್ಷೆಯಲ್ಲಿ ಅದನ್ನು ನೋಡುತ್ತಾರೆಂಬುದೂ ಗೊತ್ತು. ಅದರ ವಿರುದ್ಧ ತುದಿಯಲ್ಲಿರುವ ಎತ್ತರದ ಕಮಾನಿನ ಬಗ್ಗೆ ಮಾತು ಕಡಿಮೆ, ಪಾದ ನೋಡಲು ಸೊಗಸಾಗಿದೆ ಎಂದು ಹೊಗಳುವವರೂ ಇದ್ದಾರೆ. ಆದರೆ ಪಾದದ ಕೆಲಸ ಭಾರ ಹೊರುವುದು. 26 ಮೂಳೆಗಳ ಈ ರಚನೆ ಹೆಜ್ಜೆ ಊರಿದಾಗ ತುಸು ಬಾಗಿ ಹರಡಿಕೊಂಡು ನೆಲದ ಪೆಟ್ಟನ್ನು ನುಂಗಬೇಕು. ಕಮಾನು ಎತ್ತರವಾಗಿಯೂ ಬಿಗಿಯಾಗಿಯೂ ಇದ್ದರೆ ಅದು ಬಾಗುವುದಿಲ್ಲ, ಪಾದದ ನಡುಭಾಗ ನೆಲಕ್ಕೆ ತಾಗುವುದಿಲ್ಲ, ಇಡೀ ದೇಹದ ಭಾರವನ್ನು ಹಿಮ್ಮಡಿ ಮತ್ತು ಬೆರಳುಗಳ ಬುಡ ಎಂಬ ಎರಡು ಸಣ್ಣ ಜಾಗಗಳೇ ಹೊರಬೇಕಾಗುತ್ತದೆ. ಜೊತೆಗೆ ಹಿಮ್ಮಡಿಯ ತಳ ಒಳಕ್ಕೆ ತಿರುಗಿದ್ದರೆ ಭಾರವೆಲ್ಲ ಪಾದದ ಹೊರ ಅಂಚಿಗೆ ಜಾರುತ್ತದೆ. ನನ್ನ ಚಪ್ಪಲಿಗಳ ಅಟ್ಟೆ ಯಾವಾಗಲೂ ಹೊರಬದಿಯಲ್ಲೇ ಸವೆಯುತ್ತಿದ್ದುದಕ್ಕೂ, ವರ್ಷಕ್ಕೊಮ್ಮೆಯಾದರೂ ಕಾಲು ಉಳುಕುತ್ತಿದ್ದುದಕ್ಕೂ ಇದೇ ಕಾರಣವೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ತಿಳಿಯುವ ಮೊದಲು ಹಣ ಕಳೆದೆ. ಔಷಧಿ ಅಂಗಡಿಯ ಸಿಲಿಕಾನ್ ಹೀಲ್ ಕಪ್ ಹಿಮ್ಮಡಿಗೆ ಮೆತ್ತನೆ ಕೊಟ್ಟಿತಾದರೂ ಮುಂಗಾಲಿನ ಉರಿ ಹಾಗೆಯೇ ಉಳಿಯಿತು. ನಂತರ ಕೊಂಡ ಸಿದ್ಧ ಆರ್ಚ್ ಸಪೋರ್ಟ್‌ನಿಂದ ನೋವು ಹೆಚ್ಚಾಯಿತು, ಏಕೆಂದರೆ ಅದನ್ನು ಮಾಡಿದ್ದು ಚಪ್ಪಟೆ ಪಾದದವರಿಗಾಗಿ. ಒಳ ಅಂಚನ್ನು ಮೇಲೆತ್ತುವ ಆ ಉಬ್ಬು, ಮೊದಲೇ ಹೊರಕ್ಕೆ ವಾಲಿದ್ದ ನನ್ನ ಪಾದವನ್ನು ಇನ್ನಷ್ಟು ಹೊರಕ್ಕೆ ತಳ್ಳಿತು. ಪಾದ ಒಳಕ್ಕೆ ವಾಲದಂತೆ ಒಳಬದಿಯನ್ನು ಗಟ್ಟಿ ಮಾಡಿರುವ ಓಟದ ಬೂಟುಗಳೂ ನಮ್ಮಂಥವರಿಗೆ ಸಲ್ಲವೆಂದು ಅಂಗಡಿಯಲ್ಲಿ ಯಾರೂ ಹೇಳಲಿಲ್ಲ. ನಮಗೆ ಬೇಕಾದದ್ದು ಕಮಾನನ್ನು ಇನ್ನೂ ಎತ್ತುವ ವಸ್ತುವಲ್ಲ, ಕಮಾನಿನ ಕೆಳಗಿನ ಖಾಲಿ ಜಾಗವನ್ನು ತುಂಬಿ ನಡುಪಾದಕ್ಕೂ ಭಾರದ ಪಾಲು ಕೊಡುವ ವಸ್ತು.

ಕೊನೆಗೆ ಕಂಡ ಮೂಳೆ ವೈದ್ಯರು ಮೊದಲು ಕೇಳಿದ್ದು, ಕಮಾನು ಹುಟ್ಟಿನಿಂದ ಹೀಗಿದೆಯೇ ಅಥವಾ ವರ್ಷದಿಂದ ವರ್ಷಕ್ಕೆ ಏರುತ್ತಿದೆಯೇ, ಎರಡೂ ಕಾಲುಗಳಲ್ಲಿದೆಯೇ, ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು. ಈ ಪ್ರಶ್ನೆಗಳನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. 1886ರಲ್ಲಿ ಮೂವರು ವೈದ್ಯರು ವಿವರಿಸಿದ, ಅವರದೇ ಹೆಸರಿನ ಶಾರ್ಕೋ-ಮಾರೀ-ಟೂತ್ ಎಂಬ ಆನುವಂಶಿಕ ನರರೋಗವೂ ಸೇರಿದಂತೆ ಕೆಲವು ನರಸಂಬಂಧಿ ಕಾಯಿಲೆಗಳು ಮೊದಲು ಕಾಣಿಸಿಕೊಳ್ಳುವುದು ಪಾದದ ಕಮಾನಿನಲ್ಲೇ. ಒಂದೇ ಕಾಲಿನಲ್ಲಿ ಕಮಾನು ಏರುತ್ತಿದ್ದರೆ, ಬೆರಳುಗಳು ಮುದುಡುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಇನ್‌ಸೋಲ್ ಕೊಳ್ಳುವ ಮೊದಲು ನರರೋಗ ತಜ್ಞರನ್ನು ಕಾಣಬೇಕು. ನನ್ನದು ಹುಟ್ಟಿನಿಂದ ಬಂದದ್ದು. ವೈದ್ಯರು ಹಿಮ್ಮಡಿಯನ್ನೂ ಪಾದದ ಹೊರ ಅಂಚನ್ನೂ ಒಂದು ಮರದ ತುಂಡಿನ ಮೇಲೆ ಇರಿಸಿ, ಹೆಬ್ಬೆರಳಿನ ಬುಡವನ್ನು ಮಾತ್ರ ಕೆಳಕ್ಕೆ ಇಳಿಬಿಟ್ಟು ನಿಲ್ಲಿಸಿದರು. ಹಾಗೆ ನಿಂತಾಗ ನನ್ನ ಹಿಮ್ಮಡಿಯ ವಾಲು ನೇರವಾಯಿತು. ವಾಲಿಕೆಗೆ ಹಿಮ್ಮಡಿ ಕಾರಣವಲ್ಲ, ಕೆಳಕ್ಕೆ ಒತ್ತುತ್ತಿರುವ ಹೆಬ್ಬೆರಳಿನ ಬುಡ ಕಾರಣ ಎಂದರ್ಥ.

ಬೆಂಗಳೂರಿನ ಒಬ್ಬ ಆರ್ಥೋಟಿಸ್ಟ್ (ಕೈಕಾಲುಗಳಿಗೆ ಆಸರೆಯ ಸಾಧನ ಮಾಡಿಕೊಡುವ ತಜ್ಞರು) ಕುರ್ಚಿಯಲ್ಲಿ ಕೂರಿಸಿ, ಮೆತ್ತನೆಯ ಫೋಮ್ ತುಂಬಿದ ಪೆಟ್ಟಿಗೆಯೊಳಗೆ ನನ್ನ ಒಂದೊಂದೇ ಪಾದವನ್ನು ಒತ್ತಿ ಅಚ್ಚು ತೆಗೆದರು. 10 ದಿನಗಳ ನಂತರ ಕೈಗೆ ಬಂದ ಜೋಡಿಗೆ 4,200 ರೂಪಾಯಿ, ಒಮ್ಮೆ ತಿದ್ದಿಕೊಡುವುದೂ ಅದರಲ್ಲೇ ಸೇರಿತ್ತು. ಇವಿಎ ಎಂಬ ಹಗುರ ನೊರೆವಸ್ತುವಿನಿಂದ ಮಾಡಿದ ಇದು ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿದುಕೊಳ್ಳುತ್ತದೆ, ಕಮಾನಿನ ಉದ್ದಕ್ಕೂ ಅಂಗಾಲಿಗೆ ಅಂಟಿಕೊಂಡಂತೆ ಸಾಗುತ್ತದೆ, ಮುಂಗಾಲಿನ ಹೊರ ಅಂಚಿನಲ್ಲಿ ತುಸು ಎತ್ತರವಾಗಿದೆ, ಹೆಬ್ಬೆರಳಿನ ಬುಡದ ಕೆಳಗೆ ಒಂದು ತಗ್ಗು ಇದೆ. ಮರದ ತುಂಡಿನ ಮೇಲೆ ನಿಂತಾಗ ಕಂಡದ್ದನ್ನೇ ಬೂಟಿನೊಳಗೆ ಸಾಧಿಸಿಕೊಡುವುದು ಈ ತಗ್ಗು.

ಮೊದಲ ದಿನ ಒಂದು ಗಂಟೆ, ನಂತರ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸಿ ಎಂದಿದ್ದರು. ಎರಡನೆಯ ವಾರ ಎಡಗಾಲಿನ ಕಮಾನು ಸೆಟೆದುಕೊಂಡು ನಿಲ್ಲುವುದೇ ಕಷ್ಟವಾಯಿತು. ಇನ್‌ಸೋಲ್‌ನ ಆ ಭಾಗ ಅಗತ್ಯಕ್ಕಿಂತ ಎತ್ತರವಾಗಿತ್ತು. ಒಯ್ದು ತೋರಿಸಿದಾಗ ಅಲ್ಲಿಯೇ ಉಜ್ಜಿ ತಗ್ಗಿಸಿಕೊಟ್ಟರು. ಆರನೆಯ ವಾರದ ಹೊತ್ತಿಗೆ ಬೆಳಗಿನ ಚುಚ್ಚು ನಿಂತಿತು, ನಾಲ್ಕನೆಯ ತಿಂಗಳಲ್ಲಿ ಆಣಿ ತಾನಾಗಿಯೇ ಮೆತ್ತಗಾಯಿತು, ಕಾಲು ಈವರೆಗೆ ಮತ್ತೆ ಉಳುಕಿಲ್ಲ. ಇದು ನನ್ನೊಬ್ಬಳ ಅನುಭವವಷ್ಟೇ ಅಲ್ಲ: ಎತ್ತರದ ಕಮಾನಿನ ನೋವಿರುವ 154 ಜನರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಹೋಲಿಕೆಗಾಗಿ ಕೊಟ್ಟ ತೋರಿಕೆಯ ಇನ್‌ಸೋಲ್ ಧರಿಸಿದವರಿಗಿಂತ ಅಚ್ಚಿನ ಇನ್‌ಸೋಲ್ ಧರಿಸಿದವರ ನೋವು 3 ತಿಂಗಳಲ್ಲಿ ಹೆಚ್ಚು ಇಳಿದಿತ್ತು.

ಕೊರತೆಗಳೂ ಇವೆ. ಇದನ್ನು ಹಾಕಲು ಒಳಗಿನ ಪದರ ತೆಗೆಯಬಹುದಾದ, ಆಳವಾದ ಬೂಟೇ ಬೇಕು. ಸೀರೆಯ ಕೆಳಗೆ ಸ್ಯಾಂಡಲ್ ಧರಿಸಿ ಶಾಲೆಗೆ ಹೋಗುತ್ತಿದ್ದ ನಾನು ಈಗ ಲೇಸಿನ ಕಪ್ಪು ಬೂಟಿಗೆ ಒಗ್ಗಿಕೊಂಡಿದ್ದೇನೆ. ಉಬ್ಬಿದ ಮೇಲ್ಪಾದಕ್ಕೆ ಲೇಸು ಒತ್ತುವುದರಿಂದ ನಡುವಿನ ಒಂದು ಜೊತೆ ರಂಧ್ರಗಳನ್ನು ಬಿಟ್ಟು ಕಟ್ಟುತ್ತೇನೆ. ಮೇಲಿನ ಬಟ್ಟೆಯ ಹೊದಿಕೆ ಬೆವರಿಗೆ 8ನೆಯ ತಿಂಗಳಲ್ಲೇ ಎದ್ದುಬಂತು. ಹಿಮ್ಮಡಿಯ ಭಾಗ ಈಗ ಬೆರಳಿನಿಂದ ಒತ್ತಿದರೆ ಗೊತ್ತಾಗುವಷ್ಟು ತೆಳುವಾಗಿದೆ.

ಬೂಟನ್ನು ಬಾಗಿಲಲ್ಲೇ ಬಿಡುವ ನಮ್ಮ ಮನೆಗಳಲ್ಲಿ ಇನ್‌ಸೋಲ್‌ನ ಉಪಯೋಗ ಹೊಸ್ತಿಲಿಗೇ ನಿಲ್ಲುತ್ತದೆ. ವಿಟ್ರಿಫೈಡ್ ಟೈಲ್ಸ್ ನೆಲದ ಮೇಲೆ ಬರಿಗಾಲಿನಲ್ಲಿ ಒಂದು ಗಂಟೆ ಅಡುಗೆ ಮಾಡಿದರೆ ದಿನವಿಡೀ ಉಳಿಸಿಕೊಂಡ ಆರಾಮವೆಲ್ಲ ಹೋಗುತ್ತಿತ್ತು. ಅದಕ್ಕಾಗಿ ಮನೆಯೊಳಗೆ ಮಾತ್ರ ಬಳಸಲು ಒಂದು ಎಂಸಿಆರ್ ಚಪ್ಪಲಿ ತಂದೆ. ಸ್ಪರ್ಶ ಕಳೆದುಕೊಂಡ ಕುಷ್ಠರೋಗಿಗಳ ಪಾದ ಹುಣ್ಣಾಗದಂತೆ ಕಾಪಾಡಲು ದಶಕಗಳಿಂದ ಬಳಕೆಯಲ್ಲಿರುವ, ಈಗ ಮಧುಮೇಹಿಗಳಿಗೂ ವೈದ್ಯರು ಸೂಚಿಸುವ ಈ ಸೂಕ್ಷ್ಮರಂಧ್ರದ ರಬ್ಬರು ಒತ್ತಡವನ್ನು ಹರಡುವ ರೀತಿ ಮೆಚ್ಚುವಂಥದ್ದು. ಅದಕ್ಕೆ ಕಮಾನಿನ ಆಕಾರವಿಲ್ಲ, ಆದರೆ ಅಡುಗೆಮನೆಯ ಮಟ್ಟಿಗೆ ಅದು ಸಾಕು. ಶ್ರವಣಬೆಳಗೊಳದ ವಿಂಧ್ಯಗಿರಿಯಂಥ ಕಡೆ, ಬಂಡೆಯಲ್ಲಿ ಕಡೆದ 600ಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಪಾದರಕ್ಷೆಯಿಲ್ಲದೆ ಏರಬೇಕಾದಾಗ, ದಪ್ಪನೆಯ ಎರಡು ಜೊತೆ ಕಾಲುಚೀಲವೇ ನನಗಿರುವ ಆಸರೆ.

ಈ ತಿಂಗಳು ಎರಡನೆಯ ಜೋಡಿಗೆ ಅಚ್ಚು ಕೊಟ್ಟು ಬಂದಿದ್ದೇನೆ. ಹಿಮ್ಮಡಿಯ ಕೆಳಗೆ ಇನ್ನೊಂದು ಮೆತ್ತನೆಯ ಪದರ ಸೇರಿಸಲು, ಮೇಲ್ಹೊದಿಕೆಗೆ ಬಟ್ಟೆಯ ಬದಲು ತೆಳುವಾದ ಚರ್ಮ ಹಾಕಲು ಹೇಳಿದ್ದೇನೆ. ಹೊರಬದಿ ಸವೆದ ಹಳೆಯ ಬೂಟನ್ನೂ ಈ ಸಲ ಒಯ್ದಿದ್ದೆ. ಅದನ್ನು ತಿರುಗಿಸಿ ನೋಡಿದ ಆರ್ಥೋಟಿಸ್ಟ್, ಬಲಗಾಲಿನ ಹೊರ ಅಂಚನ್ನು ಕಳೆದ ಸಲಕ್ಕಿಂತ ಇನ್ನೂ ಸ್ವಲ್ಪ ಏರಿಸಬೇಕೆಂದು ಗುರುತು ಹಾಕಿಕೊಂಡರು.