ರಾಕ್ ಚಕರ್ ಸುಪ್ರೀಂ: ಒಂದು ಸಲಕ್ಕೆ ಒಂದೇ ಕೆಲಸ ಮಾಡುವ ಪ್ರೆಸ್

ಆರ್‌ಸಿಬಿಎಸ್ ಕಂಪನಿಯ ರಾಕ್ ಚಕರ್ ಸುಪ್ರೀಂ ಪ್ರೆಸ್ ನನ್ನ ಗ್ಯಾರೇಜಿನ ಮೇಜಿನ ಮೇಲೆ ಕೂತು ನಾಲ್ಕು ವರ್ಷವಾಯಿತು. ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ, ವಾರಾಂತ್ಯಗಳಲ್ಲಿ ಗುರಿ ಅಭ್ಯಾಸಕ್ಕೆ ಹೋಗುತ್ತೇನೆ, ಬಳಸುವುದು 9 ಎಂಎಂ ಪಿಸ್ತೂಲು. ಹಾರಿಸಿದ ಮೇಲೆ ನೆಲಕ್ಕೆ ಬೀಳುವ ಹಿತ್ತಾಳೆಯ ಖಾಲಿ ಕೇಸುಗಳನ್ನು ಆರಿಸಿ ತಂದು, ಅವಕ್ಕೆ ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು ಮತ್ತು ಗುಂಡು ಸೇರಿಸಿ ಮತ್ತೆ ತೋಟಾ ಮಾಡಿಕೊಳ್ಳುವ ಕೆಲಸಕ್ಕೆ ಇಲ್ಲಿ ರೀಲೋಡಿಂಗ್ ಎನ್ನುತ್ತಾರೆ, ಅದಕ್ಕೆ ಬಳಸುವ ಕೈಯಂತ್ರವೇ ಪ್ರೆಸ್. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಇಲ್ಲಿ ಫೆಡರಲ್ ಲೈಸೆನ್ಸ್ ಬೇಕಿಲ್ಲ, ಮಾರುವುದಾದರೆ ಬೇಕು. ಭಾರತದ ಕಾನೂನು ಬೇರೆ. ಅಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸಲು ಪರವಾನಗಿ ಬೇಕು, ಆದ್ದರಿಂದ ಊರಿನಲ್ಲಿರುವವರು ಇದನ್ನು ಮನೆಯಲ್ಲಿ ಕೂತು ಮಾಡುವ ಹವ್ಯಾಸವೆಂದು ಭಾವಿಸಬಾರದು. ಇಲ್ಲಿನ ರೇಂಜುಗಳಿಗೆ ಹೋಗುವ, ಮೊದಲ ಪ್ರೆಸ್ ಕೊಳ್ಳಲು ಯೋಚಿಸುತ್ತಿರುವ ಕನ್ನಡಿಗರಿಗಾಗಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ಮದ್ದಿನ ಅಳತೆಗಳನ್ನು ಎಲ್ಲಿಯೂ ಕೊಟ್ಟಿಲ್ಲ. ಅವನ್ನು ಮದ್ದಿನ ತಯಾರಕರು ಪ್ರಕಟಿಸುವ ಇತ್ತೀಚಿನ ಪಟ್ಟಿಯಿಂದ ಮಾತ್ರ ತೆಗೆದುಕೊಳ್ಳಬೇಕು.

ಈ ಕಂಪನಿಯನ್ನು 1943ರಲ್ಲಿ ಕ್ಯಾಲಿಫೋರ್ನಿಯಾದ ಒರೊವಿಲ್ ಎಂಬ ಊರಿನಲ್ಲಿ ಫ್ರೆಡ್ ಹಂಟಿಂಗ್ಟನ್ ಆರಂಭಿಸಿದರು. ರಾಕ್ ಚಕ್ ಎಂದರೆ ಅಮೆರಿಕದ ಪಶ್ಚಿಮ ಭಾಗದ ಬಂಡೆಗಳ ನಡುವೆ ವಾಸಿಸುವ, ದೊಡ್ಡ ಅಳಿಲಿನ ಜಾತಿಯ ಪ್ರಾಣಿ. ಅದರ ಬೇಟೆಗಾಗಿ ಗುಂಡುಗಳನ್ನು ಒತ್ತಿ ರೂಪಿಸುವ ಅಚ್ಚುಗಳನ್ನು ಅವರು ಮೊದಲು ಮಾಡಿದ್ದರಿಂದ, ರಾಕ್ ಚಕ್ ಬುಲೆಟ್ ಸ್ವೇಜ್ ಎಂಬುದರ ಮೊದಲಕ್ಷರಗಳೇ ಕಂಪನಿಯ ಹೆಸರಾದವು. ಪ್ರೆಸ್ಸಿನ ದೇಹ ಎರಕದ ಕಬ್ಬಿಣದ್ದು, ಇಂಗ್ಲಿಷಿನ ಓ ಅಕ್ಷರದಂತೆ ಸುತ್ತ ಮುಚ್ಚಿಕೊಂಡ ಚೌಕಟ್ಟು. ಹಿಡಿಕೆಯನ್ನು ಕೆಳಗೆಳೆದರೆ ಕಂಬ ಮೇಲೇರಿ, ಅದರ ತುದಿಯ ಶೆಲ್ ಹೋಲ್ಡರ್‌ನಲ್ಲಿ ಕೂತ ಕೇಸನ್ನು ಮೇಲಿನ ಡೈ ಎಂಬ ಅಚ್ಚಿನ ಒಳಗೆ ತಳ್ಳುತ್ತದೆ. ಡೈ ಕೂರುವ ತಿರುಪಿನ ಮರೆ 7/8 ಇಂಚು ವ್ಯಾಸದ್ದು, ಇಂಚಿಗೆ 14 ಸುತ್ತಿನದು. ಬಹುತೇಕ ಎಲ್ಲ ಕಂಪನಿಗಳ ಡೈಗಳೂ ಇದೇ ಅಳತೆಯಲ್ಲಿ ಬರುವುದರಿಂದ ಮುಂದೆ ಬೇರೆ ಕಂಪನಿಯ ಡೈ ಕೊಂಡರೂ ತೊಂದರೆಯಾಗುವುದಿಲ್ಲ. ರೈಫಲ್ಲಿನ ಉದ್ದನೆಯ ಕೇಸುಗಳನ್ನೂ ಸಲೀಸಾಗಿ ಒತ್ತುವಷ್ಟು ಬಲವಿರುವ ಈ ಸನ್ನೆಗೆ ಪಿಸ್ತೂಲಿನ ಪುಟ್ಟ ಕೇಸು ಒಂದು ಭಾರವೇ ಅಲ್ಲ.

ಈ ಪ್ರೆಸ್ಸಿನಲ್ಲಿ ಒಂದು ಸಲಕ್ಕೆ ಒಂದೇ ಡೈ ಕೂರುತ್ತದೆ. ಐವತ್ತು ಕೇಸುಗಳಿದ್ದರೆ ಐವತ್ತನ್ನೂ ಮೊದಲು ಹಳೆಯ ಪ್ರೈಮರ್ ತೆಗೆದು ಅಳತೆಗೆ ತರಬೇಕು, ಆಮೇಲೆ ಡೈ ಬದಲಿಸಿ ಐವತ್ತರ ಬಾಯಿಯನ್ನೂ ಕೊಂಚ ಅರಳಿಸಬೇಕು, ಹೊಸ ಪ್ರೈಮರ್ ಕೂರಿಸಬೇಕು, ಮದ್ದು ಹಾಕಬೇಕು, ಮತ್ತೆ ಡೈ ಬದಲಿಸಿ ಗುಂಡು ಕೂರಿಸಬೇಕು. ಗಂಟೆಗೆ ಐವತ್ತು, ಅರವತ್ತು ತೋಟಾ ಆದರೆ ಅದೇ ಹೆಚ್ಚು. ಹಿಡಿಕೆಯ ಒಂದೊಂದು ಎಳೆತಕ್ಕೂ ಒಂದೊಂದು ತೋಟಾ ಉದುರಿಸುವ ಪ್ರೊಗ್ರೆಸಿವ್ ಯಂತ್ರಗಳು ಇದರ ಹಲವು ಪಟ್ಟು ವೇಗದಲ್ಲಿ ಕೆಲಸ ಮುಗಿಸುತ್ತವೆ. ಹಾಗಿದ್ದೂ ಹೊಸಬರಿಗೆ ನಾನು ಇದನ್ನೇ ಹೇಳುವುದು ಈ ನಿಧಾನದ ಕಾರಣಕ್ಕಾಗಿಯೇ. ಇಲ್ಲಿ ಪ್ರತಿ ಕೇಸೂ ಐದಾರು ಸಲ ಕೈಗೆ ಬರುತ್ತದೆ, ಕಣ್ಣಿಗೆ ಬೀಳುತ್ತದೆ. ಸೀಳು ಬಿಟ್ಟ ಬಾಯಿ, ಸಡಿಲವಾಗಿ ಕೂರುವ ಪ್ರೈಮರ್, ಬೇರೆ ಜಾತಿಯ ಕೇಸು ಬೆರೆತಿರುವುದು, ಇವೆಲ್ಲ ಬೆರಳಿಗೇ ಗೊತ್ತಾಗುತ್ತವೆ.

ಆದರೆ ಗುಂಪಾಗಿ ಮದ್ದು ಹಾಕುವ ಈ ಕ್ರಮಕ್ಕೆ ತನ್ನದೇ ಒಂದು ಅಪಾಯವಿದೆ. ಅದನ್ನು ನಾನು ಅನುಭವದಿಂದ ಕಲಿತೆ. ಮೊದಲ ವರ್ಷ, ಒಂದು ಭಾನುವಾರ ಬೆಳಿಗ್ಗೆ, ಹಲಗೆಯ ಗುಳಿಗಳಲ್ಲಿ ನಿಲ್ಲಿಸಿದ್ದ ಐವತ್ತು ಕೇಸುಗಳಿಗೆ ಮದ್ದು ಹಾಕುತ್ತಿದ್ದಾಗ ಊರಿನಿಂದ ಅಮ್ಮನ ಫೋನ್ ಬಂತು. ಐದು ನಿಮಿಷ ಮಾತಾಡಿ ಬಂದವನು ಎಲ್ಲಿಗೆ ನಿಲ್ಲಿಸಿದ್ದೆ ಎಂಬ ಅಂದಾಜಿನ ಮೇಲೆ ಮುಂದುವರಿಸಿದೆ. ಗುಂಡು ಕೂರಿಸುವ ಮೊದಲು ದೀಪವನ್ನು ಬಗ್ಗಿಸಿ ಸಾಲುಸಾಲಾಗಿ ಒಳಗೆ ನೋಡಿದಾಗ ಮೂರನೇ ಸಾಲಿನ ಒಂದು ಕೇಸಿನಲ್ಲಿ ಮದ್ದು ಬಾಯಿಯ ಹತ್ತಿರದವರೆಗೆ ಬಂದಿತ್ತು. ಪಕ್ಕದವುಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿತ್ತು. ಎರಡು ಪಾಲು ಮದ್ದಿನ ಆ ತೋಟಾವನ್ನು ಹಾರಿಸಿದ್ದರೆ ಪಿಸ್ತೂಲು ನನ್ನ ಕೈಯಲ್ಲೇ ಸಿಡಿಯುತ್ತಿತ್ತು. ಐವತ್ತರ ಮದ್ದನ್ನೂ ಡಬ್ಬಿಗೆ ಸುರಿದು ಮೊದಲಿನಿಂದ ಶುರುಮಾಡಿದೆ. ಅಂದಿನಿಂದ ಫೋನನ್ನು ಅಡುಗೆಮನೆಯಲ್ಲಿ ಬಿಟ್ಟು ಬರುತ್ತೇನೆ, ಮದ್ದು ಬಿದ್ದ ಕೇಸನ್ನು ಬೇರೆ ಹಲಗೆಗೆ ದಾಟಿಸುತ್ತೇನೆ, ಮತ್ತು ಎರಡು ಪಾಲು ಬಿದ್ದರೆ ಕೇಸಿನಿಂದ ಹೊರಗೆ ಚೆಲ್ಲುವಷ್ಟು ಉಬ್ಬಿಕೊಂಡಿರುವ ಮದ್ದನ್ನೇ ಆರಿಸಿಕೊಳ್ಳುತ್ತೇನೆ. ಒಂದು ಕಾಲಕ್ಕೆ ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರಬೇಕೆಂಬ ನಿಯಮವೂ ಅಷ್ಟೇ ಮುಖ್ಯವಾದದ್ದು, ಏಕೆಂದರೆ ಒಮ್ಮೆ ಬೆರೆತರೆ ಯಾವುದು ಯಾವ ಮದ್ದೆಂದು ಬರಿಗಣ್ಣಿನಿಂದ ಹೇಳಲು ಬರುವುದಿಲ್ಲ.

ಕಿಟ್ ರೂಪದಲ್ಲಿ ಕೊಂಡರೆ ಪ್ರೆಸ್ಸಿನ ಜೊತೆಗೆ ಎಂ500 ಎಂಬ ದಂಡದ ತಕ್ಕಡಿ ಬರುತ್ತದೆ. ಇಡೀ ಕಿಟ್‌ನಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದದ್ದು ಅದು. ಇಲ್ಲಿ ಮದ್ದನ್ನು ತೂಗುವುದು ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡ್. ನಮ್ಮ ಅಕ್ಕಸಾಲಿಗರ ಗುಲಗಂಜಿಯ ತೂಕದ ಹೆಚ್ಚುಕಡಿಮೆ ಅರ್ಧ ಒಂದು ಗ್ರೇನ್, ಮತ್ತು ಈ ತಕ್ಕಡಿ ತೋರಿಸಬೇಕಾದದ್ದು ಆ ಗ್ರೇನಿನ ಹತ್ತನೇ ಒಂದು ಪಾಲನ್ನು. ಮಲೆನಾಡಿನ ನಮ್ಮೂರಿನಲ್ಲಿ ಹಿರಿಯರು ಕೇಪಿನ ಕೋವಿಗೆ ಕರಿಮದ್ದನ್ನು ಪುಟ್ಟ ಅಳತೆಯಲ್ಲಿ ಅಳೆದು ನಳಿಗೆಗೆ ಸುರಿಯುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಆ ಕೈ ಅಂದಾಜು ಹೊಗೆರಹಿತ ಮದ್ದಿಗೆ ಸ್ವಲ್ಪವೂ ಸಲ್ಲದು. 9 ಎಂಎಂ ತೋಟಾಗೆ ಬೇಕಾಗುವುದು ಕೆಲವೇ ಗ್ರೇನ್, ಮತ್ತು ಪಟ್ಟಿಯಲ್ಲಿರುವ ಆರಂಭದ ಅಳತೆಗೂ ಗರಿಷ್ಠ ಅಳತೆಗೂ ನಡುವಿನ ಅಂತರ ಬಹುಪಾಲು ಒಂದು ಗ್ರೇನಿಗಿಂತ ಕಡಿಮೆ.

ನನ್ನಲ್ಲಿ ಮೊದಲು ಅಗ್ಗದ ಒಂದು ಡಿಜಿಟಲ್ ತಕ್ಕಡಿ ಇತ್ತು. ಏರ್‌ಕಂಡೀಷನರ್ ಶುರುವಾಗಿ ಕೋಣೆ ತಣ್ಣಗಾಗುತ್ತಿದ್ದಂತೆ ಅದರ ಸೊನ್ನೆ ಜಾರುತ್ತಿತ್ತು. ಒಂದು ಸಂಜೆ ಪರೀಕ್ಷೆಯ ತೂಕವನ್ನು ಇಟ್ಟು ನೋಡಿದಾಗ 0.3 ಗ್ರೇನ್ ತಪ್ಪು ತೋರಿಸಿತು. ಮೇಲೆ ಹೇಳಿದ ಅಂತರದಲ್ಲಿ ಅದು ಸಣ್ಣ ತಪ್ಪಲ್ಲ. ದಂಡದ ತಕ್ಕಡಿಗೆ ಬ್ಯಾಟರಿಯೂ ಇಲ್ಲ, ಬಿಸಿಯಾಗುವ ಕಾಯಿಲೆಯೂ ಇಲ್ಲ. ತಾಮ್ರದ ತಗಡಿನ ಅಕ್ಕಪಕ್ಕದ ಅಯಸ್ಕಾಂತಗಳು ದಂಡದ ತೂಗಾಟವನ್ನು ಬೇಗ ನಿಲ್ಲಿಸುತ್ತವೆ. ಸಮತಟ್ಟಾದ ಜಾಗದಲ್ಲಿ, ಫ್ಯಾನಿನ ಗಾಳಿ ತಾಗದಂತೆ, ಮುಳ್ಳು ಕಣ್ಣಿನ ಮಟ್ಟಕ್ಕೆ ಬರುವಷ್ಟು ಎತ್ತರದ ಮಣೆಯ ಮೇಲಿಟ್ಟು, ಪ್ರತಿ ಸಲವೂ ಸೊನ್ನೆಗೆ ತಂದು ಪರೀಕ್ಷೆಯ ತೂಕದಿಂದ ಖಚಿತಪಡಿಸಿಕೊಂಡರೆ ಅದು ಹೇಳಿದ್ದನ್ನು ನಂಬಬಹುದು.

ಯೂನಿಫ್ಲೋ ಎಂಬ ಮದ್ದಿನ ಅಳತೆಗಾರ ಯಂತ್ರವೂ ಕಿಟ್‌ನಲ್ಲಿದೆ. ಅದು ತೂಗುವುದಿಲ್ಲ, ಗಾತ್ರದಿಂದ ಅಳೆಯುತ್ತದೆ. ಸಣ್ಣ ಗುಂಡುಗುಂಡಾದ ಕಾಳಿನ ಮದ್ದು ಅದರಲ್ಲಿ ನೀರಿನಂತೆ ಇಳಿದು ಪ್ರತಿ ಸಲವೂ ಒಂದೇ ತೂಕ ಕೊಡುತ್ತದೆ, ಅವಲಕ್ಕಿಯಂತೆ ಚಪ್ಪಟೆಯಾದ ಮದ್ದು ಮಾತ್ರ ಕೊಂಚ ಹೆಚ್ಚುಕಡಿಮೆಯಾಗುತ್ತದೆ. ಮೊದಲ ಹತ್ತು ಅಳತೆಗಳನ್ನು ಡಬ್ಬಿಗೇ ಹಿಂದಿರುಗಿಸಿ, ಆಮೇಲೆ ಪ್ರತಿ ಹತ್ತಕ್ಕೊಮ್ಮೆ ತಕ್ಕಡಿಗೆ ಹಾಕಿ ನೋಡುವುದು ನನ್ನ ಪದ್ಧತಿ. ಹಿಡಿಕೆಯನ್ನು ಒಂದೇ ಬಿರುಸಿನಲ್ಲಿ ಎತ್ತಿ ಇಳಿಸಿದಷ್ಟೂ ಅಳತೆ ಸಮವಾಗಿ ಬೀಳುತ್ತದೆ. ಪ್ರೈಮರ್ ಕೂರಿಸುವ ಕೈ ಸಲಕರಣೆಯ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಪ್ರೈಮರ್ ತಳಕ್ಕೆ ತಾಗಿ ನಿಂತದ್ದು ಅಂಗೈಗೆ ಗೊತ್ತಾಗುತ್ತದೆ, ಕಣ್ಣಿನ ರಕ್ಷಣೆಯ ಕನ್ನಡಕ ಹಾಕಿಕೊಳ್ಳದೆ ಅದನ್ನು ಮುಟ್ಟಬಾರದು.

ತೋಟಾ ನಂಬಿಕೆಗೆ ಅರ್ಹವಾಗುವುದು ಗುಂಡು ಕೂರಿಸುವ ಹಂತದಲ್ಲಿ. 9 ಎಂಎಂ ಕೇಸು ಪಿಸ್ತೂಲಿನ ಕೋಣೆಯಲ್ಲಿ, ಅಂದರೆ ನಳಿಗೆಯ ಹಿಂಭಾಗದಲ್ಲಿ ತೋಟಾ ಕೂರುವ ಜಾಗದಲ್ಲಿ, ತನ್ನ ಬಾಯಿಯ ಅಂಚಿನ ಮೇಲೆಯೇ ನಿಲ್ಲುತ್ತದೆ. ಆದ್ದರಿಂದ ರಿವಾಲ್ವರಿನ ತೋಟಾಗಳಂತೆ ಅಂಚನ್ನು ಒಳಕ್ಕೆ ಮಡಚಬಾರದು. ಮೊದಲು ಅರಳಿಸಿದ್ದ ಬಾಯಿ ಮತ್ತೆ ನೇರವಾಗುವಷ್ಟು ಮಾತ್ರ ಒತ್ತಬೇಕು, ಅಂಚಿನ ಹೊರವ್ಯಾಸ 0.380 ಇಂಚು ಮೀರಬಾರದು. ತೋಟಾದ ಒಟ್ಟು ಉದ್ದಕ್ಕೆ ಅಮೆರಿಕದ ಸಾಮಿ ಸಂಸ್ಥೆ ಇಟ್ಟಿರುವ ಮೇಲ್ಮಿತಿ 1.169 ಇಂಚು, ಆದರೆ ಪಟ್ಟಿ ಆ ನಿರ್ದಿಷ್ಟ ಗುಂಡಿಗೆ ಹೇಳಿದ ಉದ್ದಕ್ಕಿಂತ ಗಿಡ್ಡವಾಗಿ ಕೂರಿಸುವುದು ಇನ್ನೂ ಅಪಾಯಕರ. ಇಷ್ಟು ಚಿಕ್ಕ ಕೇಸಿನಲ್ಲಿ ಗುಂಡು ಕೂದಲೆಳೆಯಷ್ಟು ಒಳಗೆ ಹೋದರೂ ಮದ್ದಿಗೆ ಜಾಗ ಕಡಿಮೆಯಾಗಿ ಒತ್ತಡ ಏರುತ್ತದೆ. ಹಾಗಾಗಿ ಪ್ರತಿ ಹೊಸ ಗುಂಪಿನಲ್ಲೂ ಒಂದೆರಡು ತೋಟಾಗಳ ಮೂತಿಯನ್ನು ಮೇಜಿನ ಅಂಚಿಗೆ ಹೆಬ್ಬೆರಳಿನಿಂದ ಬಲವಾಗಿ ಒತ್ತಿ, ಮೊದಲೂ ಆಮೇಲೂ ಕ್ಯಾಲಿಪರ್‌ನಿಂದ ಅಳೆಯುತ್ತೇನೆ. ಉದ್ದ ಬದಲಾಗಿದ್ದರೆ ಕೇಸು ಗುಂಡನ್ನು ಬಿಗಿಯಾಗಿ ಹಿಡಿದಿಲ್ಲ ಎಂದರ್ಥ. ಕೊನೆಗೆ ಪಿಸ್ತೂಲಿನ ನಳಿಗೆಯನ್ನು ಬಿಚ್ಚಿ ಕೈಯಲ್ಲಿ ಹಿಡಿದು ತೋಟಾವನ್ನು ಒಳಗೆ ಬಿಡುತ್ತೇನೆ. ಅದು ಟಕ್ಕೆಂದು ಕೂರಬೇಕು, ಬೆರಳಿನಿಂದ ತಿರುಗಿಸಿದರೆ ತಿರುಗಬೇಕು, ಮಗುಚಿದರೆ ತಾನಾಗಿ ಬೀಳಬೇಕು.

ಹೊಸ ಗುಂಡು ಅಥವಾ ಹೊಸ ಮದ್ದು ತಂದಾಗ ಪಟ್ಟಿಯ ಕೆಳಗಿನ ಅಳತೆಯಿಂದಲೇ ಆರಂಭಿಸಿ, ಪ್ರತಿ ಮೆಟ್ಟಿಲಿಗೂ ಹತ್ತೇ ತೋಟಾ ಮಾಡಿಕೊಂಡು ರೇಂಜಿಗೆ ಹೋಗುತ್ತೇನೆ. 9 ಎಂಎಂಗೆ ಸಾಮಿಯ ಒತ್ತಡದ ಮಿತಿ ಚದರ ಇಂಚಿಗೆ 35,000 ಪೌಂಡ್; .45 ಎಸಿಪಿ ಎಂಬ ಇನ್ನೊಂದು ಪಿಸ್ತೂಲು ತೋಟಾದ 21,000ಕ್ಕೆ ಹೋಲಿಸಿದರೆ ಇದು ಎಷ್ಟು ಬಿಗಿಯಾದ ತೋಟಾ ಎಂದು ತಿಳಿಯುತ್ತದೆ. ಪ್ರೈಮರ್ ಚಪ್ಪಟೆಯಾಗಿದೆಯೇ ಎಂದು ನೋಡಿ ಒತ್ತಡವನ್ನು ಊಹಿಸುವ ರೂಢಿ ಹಲವರಲ್ಲಿದೆ, ಆದರೆ ಪಿಸ್ತೂಲಿನಲ್ಲಿ ಆ ಗುರುತು ಕಾಣುವಷ್ಟರಲ್ಲಿ ಮಿತಿ ದಾಟಿರಬಹುದು. ವೇಗ ಅಳೆಯುವ ಕ್ರೋನೋಗ್ರಾಫ್ ಹೆಚ್ಚು ನಂಬಿಕೆಗೆ ಯೋಗ್ಯ: ಪಟ್ಟಿಯ ಗರಿಷ್ಠ ವೇಗ ಬಂದುಬಿಟ್ಟರೆ ತಕ್ಕಡಿಯಲ್ಲಿ ಅಳತೆ ಇನ್ನೂ ಕಡಿಮೆಯಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ನನ್ನ ಪಿಸ್ತೂಲು ನಿಖರವಾಗಿ ಹೊಡೆದದ್ದು ಗರಿಷ್ಠಕ್ಕಿಂತ ಬಹಳ ಕೆಳಗಿನ ಒಂದು ಮೆಟ್ಟಿಲಿನಲ್ಲಿ, ಹಾಗಾಗಿ ಮೇಲಕ್ಕೆ ಹೋಗುವ ಅಗತ್ಯವೇ ಬೀಳಲಿಲ್ಲ. ಶಬ್ದ ಎಂದಿನಂತೆ ಬಾರದೆ ಟುಪ್ ಎಂದರೆ, ಕೈಗೆ ಒದೆತ ತಾಗದಿದ್ದರೆ, ಮತ್ತೊಮ್ಮೆ ಕುದುರೆ ಎಳೆಯಲೇಬಾರದು; ಮದ್ದು ಬೀಳದ ತೋಟಾದ ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು, ಅದರ ಹಿಂದೆ ಇನ್ನೊಂದು ಹೋದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಈ ನಾಲ್ಕು ವರ್ಷದಲ್ಲಿ ನನಗೆ ಹಾಗಾಗಿಲ್ಲ, ಅದಕ್ಕೆ ಗುಂಡು ಕೂರಿಸುವ ಮೊದಲು ದೀಪದಡಿ ನೋಡುವ ಆ ಒಂದು ನಿಮಿಷವೇ ಕಾರಣವೆಂದು ನಂಬಿದ್ದೇನೆ.

ತಿಂಗಳಿಗೆ ಇನ್ನೂರು, ಮುನ್ನೂರು ತೋಟಾ ಸಾಕೆನ್ನುವವರಿಗೆ ಈ ಪ್ರೆಸ್ ಹೇಳಿಮಾಡಿಸಿದಂತಿದೆ. ಸ್ಪರ್ಧೆಗಳಿಗಾಗಿ ವಾರಕ್ಕೆ ಐನೂರು ಹಾರಿಸುವವರಿಗೆ ಇದರ ನಿಧಾನ ಒಗ್ಗುವುದಿಲ್ಲ, ಆದರೆ ಅವರೂ ಮೊದಲ ವರ್ಷವನ್ನು ಇದರ ಮುಂದೆ ಕಳೆದರೆ ಒಳ್ಳೆಯದು. ಮೇಜು ಗಟ್ಟಿಮುಟ್ಟಾಗಿರಬೇಕು, ನಾನು ಎರಡು ಪದರ ಪ್ಲೈವುಡ್ ಹಾಕಿ, ಕೆಳಗಿನಿಂದ ಅಗಲವಾದ ವಾಷರ್ ಕೊಟ್ಟು ಬೋಲ್ಟ್ ಬಿಗಿದ ಮೇಲೆಯೇ ಅಲುಗಾಟ ನಿಂತದ್ದು. ಪ್ರೈಮರಿನ ಮಸಿಯಲ್ಲಿ ಸೀಸ ಇರುವುದರಿಂದ ಕೆಲಸದ ಜಾಗದಲ್ಲಿ ತಿಂಡಿ, ಕಾಫಿ ಕೂಡದು. ಮುಗಿದೊಡನೆ ತಣ್ಣೀರಿನಲ್ಲಿ ಸೋಪು ಹಚ್ಚಿ ಕೈ ತೊಳೆಯಬೇಕು. ನನ್ನ ಮಗಳು ಚಿಕ್ಕವಳಾದ್ದರಿಂದ ಮದ್ದು, ಪ್ರೈಮರ್ ಎರಡೂ ತಮ್ಮ ಮೂಲ ಡಬ್ಬಿಗಳಲ್ಲೇ, ಬೀಗ ಹಾಕಿದ ಬೇರೆ ಬೇರೆ ಮರದ ಕಪಾಟುಗಳಲ್ಲಿ ಇರುತ್ತವೆ. ಕಿಟ್ ಎಂಬ ಹೆಸರು ಕೇಳಿ ಎಲ್ಲವೂ ಒಳಗಿದೆ ಎಂದುಕೊಳ್ಳಬೇಡಿ: ಡೈ ಮತ್ತು ಶೆಲ್ ಹೋಲ್ಡರ್ ಅದರಲ್ಲಿ ಇರುವುದಿಲ್ಲ, ಕ್ಯಾಲಿಪರ್ ಹಾಗೂ ತಕ್ಕಡಿಯ ಪರೀಕ್ಷೆಯ ತೂಕಗಳನ್ನೂ ಪ್ರತ್ಯೇಕವಾಗಿ ಕೊಳ್ಳಬೇಕು. ಡೈ ಕೊಳ್ಳುವಾಗ ಕಾರ್ಬೈಡ್‌ನದ್ದನ್ನೇ ಕೇಳಿ. ಪಿಸ್ತೂಲಿನ ಕೇಸುಗಳಿಗೆ ಒಂದೊಂದಾಗಿ ಎಣ್ಣೆ ಸವರಿ ಮತ್ತೆ ಒರೆಸುವ ಕೆಲಸ ಅದರಿಂದ ತಪ್ಪುತ್ತದೆ.