ಹಾರ್ಡಿ ‘ಹಾಡಿ’ಯಾದ ಬಗೆ: ಹಂಪನಕಟ್ಟೆಯ ಡಿಟಿಪಿ ಅಂಗಡಿಯೊಂದರ ಕೆಲಸ

ಮೊದಲನೆಯ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನ್ಯದ ಪಾದ್ರಿಯಾಗಿದ್ದ ಆಂಗ್ಲಿಕನ್ ಸಭೆಯ ರೆವರೆಂಡ್ ಥಿಯೋಡೋರ್ ಬೇಯ್ಲಿ ಹಾರ್ಡಿಯವರ ಜೀವನವನ್ನು ಕುರಿತು ನಾನು ಬರೆದ ಕಿರುಹೊತ್ತಗೆಯೊಂದನ್ನು, ಯುದ್ಧದಲ್ಲಿ ಮಡಿದವರನ್ನು ನೆನೆಯುವ ನವೆಂಬರ್ ತಿಂಗಳ ಎರಡನೆಯ ಭಾನುವಾರದಂದು ಪರಿಚಿತರಿಗೆ ಹಂಚಬೇಕೆಂದು, ಮಂಗಳೂರಿನ ಹಂಪನಕಟ್ಟೆಯ ಬಳಿಯ ಒಂದು ಡಿಟಿಪಿ ಅಂಗಡಿಯಲ್ಲಿ ಅಚ್ಚು ಮಾಡಿಸಿದೆ. ಡೆಮಿ 1/8 ಆಕಾರ, 64 ಪುಟ, 70 ಜಿಎಸ್‌ಎಂ ಮ್ಯಾಪ್ಲಿಥೊ ಕಾಗದ, ಸೆಂಟರ್ ಪಿನ್, 200 ಪ್ರತಿ. ಒಟ್ಟು ಖರ್ಚು 11,000 ರೂಪಾಯಿ. ಅಂಗಡಿಯ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಆದರೆ ಸಣ್ಣ ಪುಸ್ತಕವನ್ನು ಸ್ವಂತ ಖರ್ಚಿನಲ್ಲಿ ಮಾಡಿಸುವವರಿಗೆ ಅಲ್ಲಿ ನನಗಾದ ಅನುಭವ ಉಪಯೋಗಕ್ಕೆ ಬರಬಹುದು.

ಹಾರ್ಡಿಯವರ ಬದುಕಿನಲ್ಲಿ ಎಲ್ಲವೂ ನಿಂತಿರುವುದು ಅವರ ವಯಸ್ಸಿನ ಮೇಲೆ. 1863ರ ಅಕ್ಟೋಬರ್ 20ರಂದು ಇಂಗ್ಲೆಂಡಿನ ಎಕ್ಸೆಟರ್ ಊರಿನಲ್ಲಿ ಹುಟ್ಟಿದ ಅವರು ಬದುಕಿನ ಹೆಚ್ಚಿನ ಕಾಲವನ್ನು ಕಳೆದದ್ದು ಶಾಲಾಮಾಸ್ತರರಾಗಿ. ಪಾದ್ರಿಯ ದೀಕ್ಷೆ ಪಡೆದದ್ದು 1898ರಲ್ಲಿ. ನಾಟಿಂಗ್‌ಹ್ಯಾಮಿನ ಹೈಸ್ಕೂಲಿನಲ್ಲಿ ಪಾಠ ಹೇಳಿ, ಬೆಂಥಮ್ ಎಂಬಲ್ಲಿ ಮುಖ್ಯೋಪಾಧ್ಯಾಯರಾಗಿದ್ದು, 1913ರಲ್ಲಿ ಹಟನ್ ರೂಫ್ ಎಂಬ ಹಳ್ಳಿಯ ಸಭೆಯನ್ನು ವಹಿಸಿಕೊಂಡರು. ಮರುವರ್ಷವೇ ಹೆಂಡತಿ ತೀರಿಕೊಂಡರು. ಅದರ ಬೆನ್ನಿಗೇ ಯುದ್ಧ ಶುರುವಾಯಿತು. ಸೈನ್ಯಕ್ಕೆ ಬರುತ್ತೇನೆಂದು ಕೇಳಿಕೊಂಡಾಗ ವಯಸ್ಸು ಮೀರಿದೆಯೆಂದು ಅವರನ್ನು ಬೇಡವೆಂದರು. ಪಟ್ಟು ಬಿಡದೆ ಕೇಳುತ್ತಲೇ ಇದ್ದು 1916ರಲ್ಲಿ, ಐವತ್ಮೂರರ ಹೊಸ್ತಿಲಲ್ಲಿ, ಫ್ರಾನ್ಸಿಗೆ ಹೋದರು.

ಈ ಮೊದಲ ಅಧ್ಯಾಯವನ್ನು ಮಾತ್ರ ನಾನು ಕೈಬರಹದಲ್ಲಿ ಕೊಟ್ಟಿದ್ದೆ, ಉಳಿದದ್ದನ್ನು ಪೆನ್‌ಡ್ರೈವ್‌ನಲ್ಲಿ. ಅಂಗಡಿಯವರು ಟೈಪು ಮಾಡುವಾಗ 1863 ಹೋಗಿ 1883 ಆಯಿತು. ನನ್ನ 6 ನೋಡಲು 8ರ ಹಾಗೆಯೇ ಇರುತ್ತದೆಯಾದ್ದರಿಂದ ತಪ್ಪನ್ನು ಪೂರ್ತಿ ಅವರ ಮೇಲೆ ಹೊರಿಸಲಾರೆ. ಎರಡು ಸಲ ಪ್ರೂಫ್ ನೋಡಿದರೂ ಅದು ನನ್ನ ಕಣ್ಣಿಗೆ ಬೀಳಲಿಲ್ಲ. ಕೆಲಸ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಪುಟ ಜೋಡಿಸುತ್ತಿದ್ದವಳು ತಿರುಗಿ ಕೇಳಿದಳು: “ಸರ್, ಇವರಿಗೆ ಆಗ ಮೂವತ್ತಮೂರೇ ಅಲ್ವಾ? ಮತ್ತೆ ಪ್ರಾಯ ಆಯ್ತು ಅಂತ ಯಾಕೆ ಬೇಡ ಹೇಳಿದ್ದು?” ಡಿಟಿಪಿ ಮಾಡುವವರು ಅಕ್ಷರ ನೋಡುತ್ತಾರೆ, ವಾಕ್ಯ ಓದುವುದಿಲ್ಲ ಎಂದು ತಿಳಿದಿದ್ದ ನನಗೆ ಇಡೀ ಕೆಲಸದಲ್ಲಿ ಸಿಕ್ಕಿದ ದೊಡ್ಡ ಸೇವೆ ಇದೇ. ಬಿಲ್ಲಿನಲ್ಲಿ ಅದಕ್ಕೆ ಒಂದು ಸಾಲೂ ಇಲ್ಲ.

ಇನ್ನು ‘ಹಾಡಿ’ಯ ವಿಷಯ. ಯೂನಿಕೋಡಿನಲ್ಲಿದ್ದ ನನ್ನ ಬರಹವನ್ನು ಪುಟ ಜೋಡಿಸುವ ತಂತ್ರಾಂಶವಾದ ಪೇಜ್‌ಮೇಕರಿಗೆ ತರುವುದಕ್ಕಾಗಿ ನುಡಿ ಅಕ್ಷರಕ್ಕೆ ಪರಿವರ್ತಿಸಿದಾಗ ಅಲ್ಲಲ್ಲಿ ಅರ್ಕಾವತ್ತು ಉದುರಿಹೋಗಿ, ಹಾರ್ಡಿ ಎಂಬುದೆಲ್ಲ ಹಾಡಿಯಾಯಿತು. ನಮ್ಮ ಕರಾವಳಿಯಲ್ಲಿ ಹಾಡಿಯೆಂದರೆ ಮರಗಿಡಗಳ ತೋಪು ಎಂಬುದನ್ನು ಹೇಳಬೇಕಾಗಿಲ್ಲ. ಒಳಗಿನ ಬರಹದಲ್ಲಿ ಅದನ್ನು ಒಂದೊಂದಾಗಿ ತಿದ್ದಿದರು. ಆದರೆ ಎಡಪುಟಗಳ ನೆತ್ತಿಯಲ್ಲಿ ಬರುವ ಹೆಸರನ್ನು ಬೇರೆಯಾಗಿ ಕೂರಿಸುವುದರಿಂದ ಅದು ನನಗೆ ಕೊಟ್ಟ ಪ್ರೂಫಿನಲ್ಲಿ ಇರಲೇ ಇಲ್ಲ. ಅಚ್ಚಾಗಿ ಬಂದ 200 ಪ್ರತಿಗಳಲ್ಲಿಯೂ ಎಡಗಡೆಯ ನೆತ್ತಿಯಲ್ಲೆಲ್ಲ ‘ರೆವರೆಂಡ್ ಹಾಡಿ’ ಎಂದೇ ಇದೆ. ಮಾಲೀಕರಿಗೆ ತೋರಿಸಿದಾಗ “ಮೇಲಿನದ್ದು ಯಾರು ಓದುತ್ತಾರೆ ಸರ್” ಎಂದರು. ಕುಂದಾಪುರ ಕಡೆಯ ನನ್ನ ಸ್ನೇಹಿತರೊಬ್ಬರು ಪುಸ್ತಕ ತೆರೆದವರೇ ಓದಿದ್ದು ಅದನ್ನು, ಕೇಳಿದ್ದು “ಇದು ಯಾವ ಊರಿನ ಹಾಡಿ ಮಾರಾಯ್ರೆ?” ಎಂದು. ಕಿಟ್ಟೆಲರ ನಿಘಂಟನ್ನು 1894ರಲ್ಲಿ ಅಚ್ಚು ಹಾಕಿದ ಊರಿನಲ್ಲಿ ಒಂದು ಅರ್ಕಾವತ್ತನ್ನು ಉಳಿಸಿಕೊಳ್ಳಲಾಗಲಿಲ್ಲವಲ್ಲ ಎಂಬ ಬೇಸರ ನನ್ನದು.

ಮತ್ತೊಂದು ತೊಡಕು ನಮ್ಮ ಊರಿನದೇ. ಒಂದು ಶೀರ್ಷಿಕೆಯಲ್ಲಿ ಜಾಗ ಸಾಲದೆಂದು ‘ರೆವರೆಂಡ್’ ತೆಗೆದು, ನನ್ನನ್ನು ಕೇಳದೆ, ‘ಫಾದರ್’ ಎಂದು ಹಾಕಿದ್ದರು. ಫಾದರ್ ಎಂದೊಡನೆ ಇಲ್ಲಿಯವರ ಮನಸ್ಸಿಗೆ ಬರುವುದು ಮದುವೆಯಾಗದ ಕ್ಯಾಥೊಲಿಕ್ ಗುರುಗಳು. ಅದರ ಕೆಳಗೆಯೇ ಹೆಂಡತಿ, ಮಗ, ಮಗಳ ಪ್ರಸ್ತಾಪ ಬಂದರೆ ಓದುವವರು ಗಲಿಬಿಲಿಗೊಳ್ಳದೆ ಇರುತ್ತಾರೆಯೇ? ಹೇಳಿದ ಕೂಡಲೇ ಬದಲಾಯಿಸಿದರು ಎಂಬುದನ್ನೂ ಹೇಳಬೇಕು. 64 ಪುಟಕ್ಕೆ ಕೂರಿಸಲು ಮುನ್ನುಡಿಯ ಒಂದು ಪ್ಯಾರಾ ಕಡಿಮೆ ಮಾಡಿ ಎಂದು ಕೇಳಿದಾಗ, ಅದೇ ಯುದ್ಧಕಾಲದಲ್ಲಿ ಇಲ್ಲಿ ಕೆಲಸ ಮಾಡುತ್ತಿದ್ದ ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರಕಾರ ಶತ್ರುದೇಶದವರೆಂದು ಬಂಧನದಲ್ಲಿಟ್ಟ ಸಂಗತಿಯಿದ್ದ ಪ್ಯಾರಾವನ್ನು ನಾನೇ ತೆಗೆದುಕೊಟ್ಟೆ. ತೆಗೆಯಬಾರದಿತ್ತು.

ಅಂಗಡಿಯವರ ಕೈ ನಿಜವಾಗಿಯೂ ಪಳಗಿರುವುದು ಚಿತ್ರಗಳಲ್ಲಿ. 1918ರ ಆಗಸ್ಟ್ 9ರಂದು ಫ್ರಾನ್ಸಿನ ಫ್ರೊಆನ್ ಲೆ ಗ್ರಾಂ ಎಂಬಲ್ಲಿ ಐದನೆಯ ಜಾರ್ಜ್ ಅರಸರು ಹಾರ್ಡಿಯವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯಾ ಕ್ರಾಸ್ ತೊಡಿಸಿದರು. ರೆಡ್‌ಕ್ರಾಸ್ ದಾದಿಯಾಗಿದ್ದ ಮಗಳು ಅಲ್ಲಿಗೆ ಬಂದಿದ್ದಳು. ಆ ಸಮಾರಂಭದ ಚಿತ್ರ ಮ್ಯಾಪ್ಲಿಥೊ ಕಾಗದದಲ್ಲಿ ಮಸಿ ಹೀರಿಕೊಂಡು ಮುಖಗಳೆಲ್ಲ ಕಲೆಯಾಗಿದ್ದವು. ನಾನು ದೂರುವ ಮೊದಲೇ ಮಾಲೀಕರು ಅದನ್ನು ಬದಿಗಿಟ್ಟು, ಆರ್ಟ್ ಪೇಪರಿನಲ್ಲಿ ಮತ್ತೆ ತೆಗೆದು, ನಡುವಿನ ಹಾಳೆಯಾಗಿ ಸೇರಿಸಿದರು. ಹೆಚ್ಚಿನ ಹಣ ಕೇಳಲಿಲ್ಲ. ಅರಸರೆದುರು ನಿಂತ ಆ ಬಡಕಲು ಮನುಷ್ಯನ ಮುಖ ಈಗ ಗುರುತು ಸಿಗುವಂತಿದೆ.

ಆ ಪುಟದ ಎದುರಿಗೆ ಬರುವುದು ಪುಸ್ತಕದ ಮುಖ್ಯ ಭಾಗ. 1917ರ ಶರತ್ಕಾಲದಲ್ಲಿ ಎರಡೂ ಕಡೆಯ ಸಾಲುಗಳ ನಡುವೆ ಕೆಸರಿನಲ್ಲಿ ಹೂತುಹೋದ ಸೈನಿಕರನ್ನು ಎತ್ತಿತರಲು, ಮಣಿಕಟ್ಟು ಮುರಿದು ಪಟ್ಟಿ ಕಟ್ಟಿದ್ದ ಕೈಯಲ್ಲಿಯೇ ಹಾರ್ಡಿ ಹೋದದ್ದು. 1918ರ ಏಪ್ರಿಲ್‌ನಲ್ಲಿ ಬುಕ್ವಾ ಹಳ್ಳಿಯ ಹತ್ತಿರ ಮುಂಚೂಣಿಯಿಂದ 400 ಗಜ ಆಚೆ ಬಿದ್ದಿದ್ದ ಅಧಿಕಾರಿಯ ಪಕ್ಕದಲ್ಲಿ ಕುಳಿತು, ಆಮೇಲೆ ಸಾರ್ಜೆಂಟ್ ಒಬ್ಬನನ್ನು ಕರೆದುಕೊಂಡು ಹೋಗಿ ಹೊತ್ತುತಂದದ್ದು. ರಾತ್ರಿ ಕಂದಕಗಳಿಗೆ ಬರುವಾಗ ‘ನಾನೇ, ಮಕ್ಕಳೇ’ ಎಂದು ಅವರು ಹೇಳುತ್ತಿದ್ದುದನ್ನು ಸೈನಿಕರು ಬಹುಕಾಲ ನೆನೆದರು. ಇಂಗ್ಲಿಷಿನಲ್ಲಿರುವುದು ‘ಹುಡುಗರೇ’ ಎಂಬ ಅರ್ಥದ ಮಾತಾದರೂ, ತರಗತಿಯಲ್ಲಿ ಅಷ್ಟು ವರ್ಷ ನಿಂತ ಮಾಸ್ತರರ ಬಾಯಲ್ಲಿ ನನಗೆ ಕೇಳಿದ್ದು ‘ಮಕ್ಕಳೇ’ ಎಂದೇ. ಇದನ್ನು ಅಂಗಡಿಯವರು ದಪ್ಪಕ್ಷರದಲ್ಲಿ, ಸುತ್ತ ಹೂಬಳ್ಳಿಯ ಚೌಕಟ್ಟು ಹಾಕಿ, ಮದುವೆ ಕಾಗದದ ಹಾಗೆ ಮಾಡಿಟ್ಟಿದ್ದರು. ಚೌಕಟ್ಟು ತೆಗೆಸಲು ಅರ್ಧ ಗಂಟೆ ವಾದಿಸಬೇಕಾಯಿತು.

ಕೊನೆಯ ಪುಟ ಚೊಕ್ಕವಾಗಿದೆ. ಅರಸರು ತಮ್ಮ ಗೌರವ ಪಾದ್ರಿಯಾಗಿ ನೇಮಿಸಿದ ಮೇಲೂ ಊರಿಗೆ ಮರಳಲೊಪ್ಪದೆ ತಮ್ಮ ತುಕಡಿಯೊಂದಿಗೇ ಉಳಿದ ಹಾರ್ಡಿಯವರಿಗೆ ಅಕ್ಟೋಬರ್‌ನಲ್ಲಿ ಸೆಲ್ ನದಿಯ ಬಳಿ ಗುಂಡು ತಗುಲಿತು. 18ರಂದು ರೂಆನ್ ಊರಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ಐವತ್ತೈದು ತುಂಬಲು ಎರಡು ದಿನ ಬಾಕಿಯಿತ್ತು. ಯುದ್ಧ ಮುಗಿಯಲು ನಾಲ್ಕು ವಾರವೂ ಇರಲಿಲ್ಲ. ಇಲ್ಲಿ ಇಸವಿ, ತಾರೀಕು ಎಲ್ಲವೂ ಸರಿಯಾಗಿವೆ, ಹುಡುಗಿ ಮತ್ತೊಮ್ಮೆ ಕೂಡಿ ಕಳೆದು ನೋಡಿದ್ದಳಂತೆ.

ಹೇಳಿದ ದಿನಕ್ಕೆ ಮೂರು ದಿನ ತಡವಾದರೂ ಭಾನುವಾರಕ್ಕೆ ಮೊದಲು ಪ್ರತಿಗಳು ಕೈಸೇರಿದವು. ನೆತ್ತಿಯ ತಪ್ಪಿಗಾಗಿ 500 ರೂಪಾಯಿ ಬಿಟ್ಟರು, ಅದು ಕಡಿಮೆಯೇ. ಆದರೂ ಇನ್ನೂ 100 ಪ್ರತಿಗಳಿಗೆ ಅಲ್ಲಿಯೇ ಹೇಳಿದ್ದೇನೆ. ಈ ಸಲ ಪುಟದ ಮೇಲಂಚು, ಕೆಳಗಿನ ಅಂಕಿ, ರಕ್ಷಾಪುಟ ಎಲ್ಲವನ್ನೂ ಕಾಗದದಲ್ಲಿ ತೆಗೆದು ಕೊಟ್ಟು ನನ್ನ ಸಹಿ ಪಡೆಯಬೇಕು, ತೆಗೆದ ಪ್ಯಾರಾವನ್ನು ಮುನ್ನುಡಿಗೆ ಮರಳಿ ಸೇರಿಸಬೇಕು, ಪುಟ ಜೋಡಿಸುವ ಕೆಲಸ ಆ ಹುಡುಗಿಯದೇ ಆಗಿರಬೇಕು ಎಂದಿದ್ದೇನೆ.